ಕೊಳ್ಳುವ ಮುಂಚೆ ಒಂದು ಪುಟ: ಫಂಡ್ ಮ್ಯಾನೇಜರ್ ಯೋಚಿಸುವ ರೀತಿ ನಮ್ಮ ದುಡ್ಡಿಗೂ

ಬೆಳಗ್ಗೆ ಪೇಪರ್ ಬಂದ ತಕ್ಷಣ ನಮ್ಮಪ್ಪ ಮೊದಲು ನೋಡುತ್ತಿದ್ದದ್ದು ಕೆಆರ್‌ಎಸ್ ಮಟ್ಟ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಾಲ್ಕೇ ಅಂಕಿ. ಪಾಂಡವಪುರದ ಹತ್ತಿರ ನಮಗೆ ಮೂರು ಎಕರೆ ಇದೆ. ಭತ್ತ ನಾಟಿ ಮಾಡುವುದೋ, ರಾಗಿ ಹಾಕುವುದೋ ಎನ್ನುವುದು ಆ ನಾಲ್ಕು ಅಂಕಿಯ ಮೇಲೆ ತೀರ್ಮಾನವಾಗುತ್ತಿತ್ತು. ನಮ್ಮ ಮನೆ ಮುಂದೆ ಎಷ್ಟೇ ಜೋರು ಮಳೆ ಹೊಡೆದರೂ ಅಪ್ಪ ಅದನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ. "ಕೊಡಗಲ್ಲಿ ಬಿದ್ದದಾ ನೋಡವ್ವ" ಎನ್ನುತ್ತಿದ್ದರು.

ಮುಂದೆ ನಾನು ಮುಂಬೈಗೆ ಹೋಗಿ ಒಂದು ಮ್ಯೂಚುವಲ್ ಫಂಡ್ ಕಂಪನಿಯ ರಿಸರ್ಚ್ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಕಂಪನಿಗಳನ್ನು ಓದಿ, ಲೆಕ್ಕ ಹಾಕಿ, ಜನ ಹಾಕಿದ ದುಡ್ಡಿನಲ್ಲಿ ಯಾವ ಷೇರು ಎಷ್ಟು ಕೊಳ್ಳಬೇಕೆಂದು ತೀರ್ಮಾನಿಸುವ ಫಂಡ್ ಮ್ಯಾನೇಜರ್‌ಗೆ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. 2024ರಲ್ಲಿ ಮೈಸೂರಿಗೆ ಬಂದು ಕುವೆಂಪುನಗರದಲ್ಲಿ ಮನೆ ಮಾಡಿದ ಮೇಲೆ ಪ್ರತಿ ಭಾನುವಾರ ಚಿಕ್ಕಪ್ಪನ ಮಗ ಬರುತ್ತಾನೆ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳುತ್ತಾನೆ: "ಅಕ್ಕ, ಒಂದ್ ಒಳ್ಳೆ ಷೇರ್ ಹೇಳು, ಸಾಕು."

ಈ ಪ್ರಶ್ನೆಯನ್ನು ನಮ್ಮ ಆಫೀಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಳ್ಳೆ ಕಂಪನಿ ಯಾವುದು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ಚರ್ಚೆ ಆಗುತ್ತಿದ್ದದ್ದು ಬೇರೆ: ಈ ಬೆಲೆಯಲ್ಲಿ ಈಗಾಗಲೇ ಏನೆಲ್ಲಾ ಸೇರಿದೆ, ನಾವು ಎಲ್ಲಿ ತಪ್ಪಬಹುದು, ಹಾಗಾದರೆ ಎಷ್ಟು ದುಡ್ಡು ಹಾಕಬೇಕು. ಈ ಕ್ರಮವನ್ನು ಮನೆಯಲ್ಲೇ ಕೂತು ಹೇಗೆ ಮಾಡಬಹುದು ಅನ್ನುವುದನ್ನು ತಮ್ಮನಿಗೆ ಹೇಳಿಕೊಟ್ಟ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತನ್ನಿ

ನೂರು ಪುಟದ ನೋಟ್‌ಬುಕ್ ಸಾಕು. ಒಂದು ಕಂಪನಿಗೆ ಒಂದು ಪುಟ. ಮೇಲೆ ತಾರೀಖು, ಆವತ್ತಿನ ಬೆಲೆ. ಕೆಳಗೆ ಐದು ಸಾಲು. ಕಂಪನಿ ದುಡ್ಡು ಹೇಗೆ ಸಂಪಾದಿಸುತ್ತದೆ? ಈಗಿನ ಬೆಲೆ ನೋಡಿದರೆ ಪೇಟೆ ಏನು ನಂಬಿಕೊಂಡಿದೆ? ಅದಕ್ಕಿಂತ ಬೇರೆಯಾಗಿ ನಾನು ಏನು ನಂಬಿದ್ದೇನೆ, ಯಾಕೆ? ಏನು ನಡೆದರೆ ನನ್ನ ಲೆಕ್ಕ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ? ಎಷ್ಟು ದುಡ್ಡು?

ಕೈಯಲ್ಲೇ ಬರೆಯಿರಿ. ಮತ್ತು ಕೊಳ್ಳುವ ಮುಂಚೆಯೇ ಬರೆಯಿರಿ. ಕೊಂಡ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಕಾರಣಗಳನ್ನೇ ಹುಡುಕಿ ತರುತ್ತದೆ. ನಮ್ಮ ಆಫೀಸಿನಲ್ಲಿ ಟಿಪ್ಪಣಿ ಇಲ್ಲದೆ ಒಂದೇ ಒಂದು ಷೇರು ಕೊಳ್ಳುವ ಹಾಗಿರಲಿಲ್ಲ. ಆರು ತಿಂಗಳಾದ ಮೇಲೆ ಅದೇ ಟಿಪ್ಪಣಿ ಮೇಜಿನ ಮೇಲೆ ಬರುತ್ತಿತ್ತು. ನಾನೇ ಬರೆದದ್ದನ್ನು ನನ್ನ ಎದುರಿಗೇ ಓದುತ್ತಿದ್ದರು.

ಬೆಲೆ ಏನು ಹೇಳುತ್ತಿದೆ

ಎರಡನೇ ಸಾಲು ಜನರಿಗೆ ಕಷ್ಟ. ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಒಂದು ಷೇರಿನ ಬೆಲೆ 500 ರೂಪಾಯಿ ಇರಲಿ. ಒಂದು ಷೇರಿಗೆ ಕಂಪನಿ ವರ್ಷಕ್ಕೆ ಗಳಿಸುವ ಲಾಭ 20 ರೂಪಾಯಿ. ಅಂದರೆ ಲಾಭದ 25 ಪಟ್ಟು ಕೊಟ್ಟು ಕೊಳ್ಳುತ್ತಿದ್ದೀರಿ. ಇದನ್ನೇ ಪಿಇ 25 ಎನ್ನುವುದು. ನಿಮಗೆ ವರ್ಷಕ್ಕೆ 12% ಬೇಕು. ಹತ್ತು ವರ್ಷದಲ್ಲಿ 500 ರೂಪಾಯಿ ಸುಮಾರು 1,553 ಆಗಬೇಕು. ಹತ್ತು ವರ್ಷದ ಮೇಲೂ ಜನ 25 ಪಟ್ಟು ಕೊಡಲು ತಯಾರಿದ್ದರೆ ಲಾಭ 20ರಿಂದ 62 ರೂಪಾಯಿಗೆ ಏರಬೇಕು, ಅಂದರೆ ಹತ್ತು ವರ್ಷವೂ 12% ಬೆಳೆಯಬೇಕು. ಆದರೆ ಹತ್ತು ವರ್ಷದ ಮೇಲೆ ಆ ವ್ಯಾಪಾರ ಹಳೆಯದಾಗಿ, ಜನ 15 ಪಟ್ಟು ಮಾತ್ರ ಕೊಡುತ್ತೇವೆ ಎಂದರೆ? ಆಗ ಲಾಭ 103 ರೂಪಾಯಿ ದಾಟಬೇಕು. ವರ್ಷಕ್ಕೆ ಹತ್ತಿರ ಹತ್ತಿರ 18% ಬೆಳವಣಿಗೆ, ಅದೂ ಹತ್ತು ವರ್ಷ ಬಿಡದೆ.

ಈಗ ಆ ಕಂಪನಿಯ ಕಳೆದ ಹತ್ತು ವರ್ಷದ ಲಾಭ ತೆಗೆದು ನೋಡಿ. ಅದು 9% ಬೆಳೆದಿದ್ದರೆ, ಮುಂದೆ 18% ಯಾಕೆ ಬೆಳೆಯುತ್ತದೆ ಎಂದು ನೀವು ಮೂರನೇ ಸಾಲಿನಲ್ಲಿ ಬರೆಯಬೇಕು. ಬರೆಯಲು ಆಗದಿದ್ದರೆ ಕಂಪನಿ ಎಷ್ಟೇ ಒಳ್ಳೆಯದಾದರೂ ಈ ಬೆಲೆಗೆ ನಿಮ್ಮದಲ್ಲ. ಡಿವಿಡೆಂಡ್ (ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಬಂದರೆ ಲೆಕ್ಕ ಸ್ವಲ್ಪ ಹಗುರವಾಗುತ್ತದೆ, ಅಷ್ಟೇ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಐದು ನಿಮಿಷದ ಕೆಲಸ ಇದು. ಇದನ್ನು ಮಾಡದೆ ಷೇರು ಕೊಳ್ಳುವುದು ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ. ಮೂಡಾ ಸೈಟು ಕೊಳ್ಳುವಾಗ ಇದೇ ಜನ ಪಕ್ಕದ ರಸ್ತೆಯಲ್ಲಿ ಚದರಡಿ ಎಷ್ಟಕ್ಕೆ ಹೋಗಿದೆ ಎಂದು ಹತ್ತು ಕಡೆ ವಿಚಾರಿಸುತ್ತಾರೆ ಅಲ್ವಾ?

ನನ್ನ ಕಬ್ಬಿನ ಲೆಕ್ಕ

2023ರ ಆಗಸ್ಟ್. ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್ ಅದು. ಕೆಆರ್‌ಎಸ್ ಆ ವರ್ಷ ತುಂಬಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಪ್ಪ ಗದ್ದೆಯಲ್ಲಿದ್ದರು. "ಗಿಣ್ಣು ಹತ್ತತ್ರ ಬಂದವೆ ಕಣವ್ವ. ಈ ಸಲ ತೂಕ ಬರಾಕಿಲ್ಲ" ಎಂದರು. ನೀರು ಸಾಲದಿದ್ದರೆ ಕಬ್ಬು ಉದ್ದ ಎಳೆಯುವುದಿಲ್ಲ. ಒಂದು ಗಿಣ್ಣಿಂದ ಇನ್ನೊಂದು ಗಿಣ್ಣಿಗೆ ಗೇಣು ದೂರ ಇರಬೇಕಾದದ್ದು ನಾಲ್ಕು ಬೆರಳಿಗೆ ನಿಲ್ಲುತ್ತದೆ.

ನನಗೆ ಇದು ದೊಡ್ಡ ಸುಳಿವು ಅನ್ನಿಸಿತು. ಕಬ್ಬು ಕಡಿಮೆ, ಸಕ್ಕರೆ ಕಡಿಮೆ, ಸಕ್ಕರೆ ಬೆಲೆ ಜಾಸ್ತಿ, ಸಕ್ಕರೆ ಕಾರ್ಖಾನೆಗೆ ಲಾಭ. ಇಷ್ಟಕ್ಕೇ ನಿಂತರೆ ಅರ್ಧ ಯೋಚನೆ. ನಮ್ಮ ಕಡೆಯ ಕಾರ್ಖಾನೆಗೆ ಅರೆಯಲು ಕಬ್ಬೇ ಬರುವುದಿಲ್ಲ. ಯಂತ್ರ ನಿಂತಿದ್ದರೂ ಸಂಬಳ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಬೆಲೆ ಏರಿದರೂ ಮಾರಲು ಮಾಲಿಲ್ಲ. ಹಾಗಾದರೆ ಲಾಭ ಯಾರಿಗೆ? ಮಳೆ ಕೈಕೊಟ್ಟ ಕರ್ನಾಟಕ, ಮಹಾರಾಷ್ಟ್ರದ ಕಾರ್ಖಾನೆಗೆ ಅಲ್ಲ, ಕಬ್ಬು ಚೆನ್ನಾಗಿರುವ ಉತ್ತರ ಪ್ರದೇಶದ ಕಾರ್ಖಾನೆಗೆ. ಅಲ್ಲಿನ ಒಂದು ಕಂಪನಿಯ ಷೇರು ಕೊಳ್ಳೋಣ ಎಂದು ಟಿಪ್ಪಣಿ ಬರೆದೆ.

ನಮ್ಮ ಮ್ಯಾನೇಜರ್ ಓದಿ ಎರಡು ಪ್ರಶ್ನೆ ಕೇಳಿದರು. "ಮಳೆ ಇಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು?" ಎಲ್ಲರಿಗೂ ಗೊತ್ತಿತ್ತು, ಷೇರು ಆಗಲೇ ಸ್ವಲ್ಪ ಏರಿತ್ತು. ಆದರೂ ಬೆಳೆ ಇನ್ನಷ್ಟು ಕುಸಿಯುತ್ತದೆ ಎಂದು ನನ್ನಲ್ಲಿ ಲೆಕ್ಕ ಇತ್ತು, ತೋರಿಸಿದೆ. ಎರಡನೆಯ ಪ್ರಶ್ನೆ: "ಮುಂದಿನ ವರ್ಷ ಚುನಾವಣೆ. ಸಕ್ಕರೆ ಬೆಲೆ ಏರಿದರೆ ಸರ್ಕಾರ ನೋಡ್ತಾ ಕೂರುತ್ತಾ?" ಇದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಾಲ್ಕನೇ ಸಾಲಿನಲ್ಲಿ "ಉತ್ತರ ಪ್ರದೇಶದ ಬೆಳೆಗೆ ರೋಗ ಬಂದರೆ" ಎಂದು ಬರೆದಿದ್ದೆ. ಸರ್ಕಾರದ ಆದೇಶ ಎಂಬ ಮಾತೇ ಅಲ್ಲಿರಲಿಲ್ಲ. ಅವರು ಬೇಡ ಎನ್ನಲಿಲ್ಲ. ಫಂಡಿನ 1% ಮಾತ್ರ ಹಾಕಿದರು.

ಅಕ್ಟೋಬರ್‌ನಲ್ಲಿ ಸಕ್ಕರೆ ರಫ್ತಿನ ಮೇಲಿನ ನಿರ್ಬಂಧ ಮುಂದುವರಿಯಿತು. ಡಿಸೆಂಬರ್ 7ರಂದು, ಆ ಹಂಗಾಮಿಗೆ ಕಬ್ಬಿನ ಹಾಲಿನಿಂದ ಎಥನಾಲ್ (ಪೆಟ್ರೋಲಿಗೆ ಬೆರೆಸುವ ಇಂಧನ) ಮಾಡಬೇಡಿ ಎಂದು ಕೇಂದ್ರದ ಆದೇಶ ಬಂತು. ದೇಶದೊಳಗೆ ಸಕ್ಕರೆ ಸಾಕಷ್ಟಿದ್ದು ಬೆಲೆ ಏರದಿರಲಿ ಎಂಬುದು ಎರಡರ ಉದ್ದೇಶ. ಸಕ್ಕರೆ ಷೇರುಗಳೆಲ್ಲ ಜಾರಿದವು. ಒಂದು ವಾರ ಕಳೆದ ಮೇಲೆ 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಎಥನಾಲ್ ಮಾಡಬಹುದು ಎಂದು ಸ್ವಲ್ಪ ಸಡಿಲಿಸಿದರು. ಆದರೆ ನನ್ನ ಪುಟದ ಮೂರನೇ ಸಾಲು ಮುರಿದಿತ್ತು. ಸುಮಾರು 20% ನಷ್ಟದಲ್ಲಿ ಮಾರಿದೆವು.

ಫಂಡಿಗೆ ಎಷ್ಟು ಪೆಟ್ಟು ಬಿತ್ತು? ನೂರು ರೂಪಾಯಿಗೆ 20 ಪೈಸೆ. ಈ ಅಂಕಿ ನನಗೆ ಕೊನೆಯವರೆಗೂ ನೆನಪಿರುತ್ತದೆ. ಅಪ್ಪನ ಮಾತು ನಿಜ, ನನ್ನ ಲೆಕ್ಕವೂ ಬಹಳ ಮಟ್ಟಿಗೆ ಸರಿ, ಆದರೂ ನಷ್ಟ. ಅದು ಸಣ್ಣದಾಗಿ ಮುಗಿದದ್ದು ಒಬ್ಬರು ತಮ್ಮ ಅನುಮಾನವನ್ನು ಮಾತಿನಲ್ಲಿ ಬಿಡದೆ ಮೊತ್ತದಲ್ಲಿ ತೋರಿಸಿದ್ದರಿಂದ. ಫಂಡ್ ಮ್ಯಾನೇಜರ್ ಯೋಚನೆ ಎಂದರೆ ನನಗೆ ಮೊದಲು ನೆನಪಾಗುವುದು ಇದು.

ಎಷ್ಟು ಹಾಕಬೇಕು

ಹಾಗಾಗಿ ಐದನೇ ಸಾಲಿಗೆ ಬರೋಣ. ಸಾಮಾನ್ಯವಾಗಿ ಒಂದು ಮ್ಯೂಚುವಲ್ ಫಂಡ್ ಯೋಜನೆ ಒಂದೇ ಕಂಪನಿಯ ಷೇರಿನಲ್ಲಿ ತನ್ನ ಮೊತ್ತದ 10%ಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಷೇರು ಪೇಟೆ, ಫಂಡುಗಳ ಮೇಲೆ ಕಣ್ಣಿಡುವ ಸಂಸ್ಥೆಯಾದ ಸೆಬಿಯ ನಿಯಮವೇ ಹಾಗಿದೆ. ನೀವು ಮನೆಯಲ್ಲಿ ಇದನ್ನೇ ಪಾಲಿಸಿ. ನಾನು ತಮ್ಮನಿಗೆ ಹೇಳಿರುವುದು 5%.

ಷೇರಿಗೆ ಅಂತ ತೆಗೆದಿಟ್ಟ ದುಡ್ಡು 10 ಲಕ್ಷ ಎಂದುಕೊಳ್ಳಿ. ಒಂದು ಷೇರಿಗೆ 50,000 ಹಾಕಿದ್ದೀರಿ, ಅದು ಅರ್ಧಕ್ಕೆ ಬಿತ್ತು. ಒಟ್ಟು ದುಡ್ಡಿನಲ್ಲಿ ಎರಡೂವರೆ ಶೇಕಡ ಹೋಯಿತು. ಬೇಜಾರಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅದೇ 4 ಲಕ್ಷ ಹಾಕಿದ್ದರೆ 2 ಲಕ್ಷ ಹೋಯಿತು. ಉಳಿದ 8 ಲಕ್ಷ ಮತ್ತೆ 10 ಆಗಬೇಕಾದರೆ 25% ಗಳಿಸಬೇಕು. ಪೂರ್ತಿ 10 ಲಕ್ಷವೂ ಅಲ್ಲೇ ಇದ್ದಿದ್ದರೆ 100% ಗಳಿಸಬೇಕು. ಇಳಿಯುವಾಗಿನ ಶೇಕಡ, ಏರುವಾಗಿನ ಶೇಕಡ ಒಂದೇ ಅಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಬಿದ್ದು 25,981ಕ್ಕೆ ಬಂದು ನಿಂತಿತ್ತು. ಜನವರಿಯಲ್ಲಿ ಅದು 42,000ದ ಹತ್ತಿರ ಇತ್ತು. ಸಾಲ ಮಾಡಿ ಹಾಕಿದವರು, ಒಂದೇ ಕಡೆ ಹಾಕಿದವರು ಆ ವಾರ ಮಾರಲೇಬೇಕಾಯಿತು. ಉಳಿದವರು ಕಾಯಬಹುದಿತ್ತು.

ಇನ್ನೊಂದು ವಿಷಯ, ಇದರಲ್ಲಿ ನೀವು ಫಂಡ್ ಮ್ಯಾನೇಜರ್‌ಗಿಂತ ಮೇಲು. ಅವರ ಬಳಿ ಒಂದು ಸಣ್ಣ ಕಂಪನಿಯ ಷೇರು 60 ಕೋಟಿಯಷ್ಟಿದೆ, ಪೇಟೆಯಲ್ಲಿ ಅದು ದಿನಕ್ಕೆ 2 ಕೋಟಿ ಮಾತ್ರ ಕೈ ಬದಲಾಗುತ್ತದೆ ಎಂದಿಟ್ಟುಕೊಳ್ಳಿ. ಬೆಲೆ ಕೆಡದ ಹಾಗೆ ದಿನದ ವಹಿವಾಟಿನ ಕಾಲು ಭಾಗ ಮಾರಿದರೂ 50 ಲಕ್ಷ. ಪೂರ್ತಿ ಹೊರಬರಲು 120 ವಹಿವಾಟಿನ ದಿನ, ಹತ್ತಿರ ಹತ್ತಿರ ಆರು ತಿಂಗಳು. ನಿಮ್ಮ 50,000 ಐದು ನಿಮಿಷದಲ್ಲಿ ಹೊರಗೆ ಬರುತ್ತದೆ. 2024ರ ಮಾರ್ಚ್‌ನಿಂದ ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ ಫಂಡುಗಳು (ಮಧ್ಯಮ, ಸಣ್ಣ ಕಂಪನಿಗಳ ಷೇರು ಕೊಳ್ಳುವಂಥವು) ತಮ್ಮ ಷೇರುಗಳ ಕಾಲು ಭಾಗ ಮತ್ತು ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಎಂದು ಪ್ರಕಟಿಸುತ್ತಿವೆ. ಸ್ಮಾಲ್ ಕ್ಯಾಪ್ ಫಂಡಿಗೆ ಎಸ್‌ಐಪಿ (ತಿಂಗಳ ಕಂತು) ಕಟ್ಟುವವರು ಅದನ್ನು ಒಮ್ಮೆ ನೋಡಲೇಬೇಕು.

ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ

ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲ ಐವತ್ತು ಪುಟದ ಬಣ್ಣದ ಫೋಟೊ, ಅಧ್ಯಕ್ಷರ ಪತ್ರ ಆಮೇಲೆ. ಮೊದಲು ನಗದು ಹರಿವಿನ ಪಟ್ಟಿಗೆ ಹೋಗಿ. ಅದೇ ಕೆಆರ್‌ಎಸ್‌ನ ಅಂಕಿ: ಒಳಹರಿವು, ಹೊರಹರಿವು, ಇಂದಿನ ಮಟ್ಟ. ಲಾಭ ಎನ್ನುವುದು ಪುಸ್ತಕದಲ್ಲಿ ಬರೆದದ್ದು. ಆಲೆಮನೆಯವರು ಬೆಲ್ಲ ಸಾಲಕ್ಕೆ ಕೊಟ್ಟರೂ ಲೆಕ್ಕದಲ್ಲಿ ವ್ಯಾಪಾರವಾಯಿತು ಎಂದೇ ಬರೆಯುತ್ತಾರೆ. ದುಡ್ಡು ಬಂದಿತಾ ಎನ್ನುವುದು ಬೇರೆ ಮಾತು.

ಐದು ವರ್ಷದ ನಿವ್ವಳ ಲಾಭ ಕೂಡಿಸಿ. ಐದು ವರ್ಷ ವ್ಯಾಪಾರದಿಂದ ಬಂದ ನಗದು ಕೂಡಿಸಿ. ಪಕ್ಕಪಕ್ಕ ಇಡಿ. ಲಾಭ 500 ಕೋಟಿ, ನಗದು 150 ಕೋಟಿ ಎಂದಿದ್ದರೆ ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ಹುಡುಕಬೇಕು. ಗಿರಾಕಿಗಳು ದುಡ್ಡು ಕೊಟ್ಟಿಲ್ಲವೋ, ಗೋಡೌನಿನಲ್ಲಿ ಮಾಲು ಕೊಳೆಯುತ್ತಿದೆಯೋ? ಉತ್ತರ ಸಿಗದಿದ್ದರೆ ಪುಟ ಅಲ್ಲಿಗೇ ಮುಗಿಯಿತು. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಅಳತೆ ಹೊಂದುವುದಿಲ್ಲ. ಸಾಲ ಕೊಡುವುದೇ ಅವರ ವ್ಯಾಪಾರ.

ಆಮೇಲೆ ಇನ್ನೊಂದು ಸಣ್ಣ ಪರೀಕ್ಷೆ. ಕಂಪನಿಯ ಖಾತೆಯಲ್ಲಿ 1,000 ಕೋಟಿ ನಗದು ಇದೆ ಎನ್ನುತ್ತಾರೆ. ಹಾಗಿದ್ದರೆ ವರ್ಷಕ್ಕೆ 50–60 ಕೋಟಿ ಬಡ್ಡಿ ಬಂದಿರಬೇಕು ಅಲ್ವಾ? ಬರೀ 10 ಕೋಟಿ ತೋರಿಸಿದರೆ ಯಾಕೆ? 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರೇ ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ್ದ 5,000 ಕೋಟಿಗೂ ಹೆಚ್ಚು ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಷೇರು ಆವತ್ತೇ ಸುಮಾರು 180 ರೂಪಾಯಿಯಿಂದ 40ಕ್ಕೆ ಬಿತ್ತು.

ಆಡಿಟರ್ ವರದಿ, ಪ್ರಮೋಟರ್ (ಕಂಪನಿಯ ಹಿಡಿತ ಇರುವ ಮಾಲೀಕರು) ಕುಟುಂಬದ ಬೇರೆ ಕಂಪನಿಗಳ ಜೊತೆಗಿನ ವ್ಯವಹಾರ, ಪ್ರಮೋಟರ್ ಷೇರು ಅಡ ಇಟ್ಟಿದ್ದಾರಾ, ಇವನ್ನೂ ನೋಡಿ. ಅವಧಿ ಮುಗಿಯುವ ಮುಂಚೆ ಆಡಿಟರ್ ಬಿಟ್ಟು ಹೋಗಿದ್ದರೆ ನಾನು ಆ ಕಂಪನಿಯ ಗೋಜಿಗೇ ಹೋಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಓದು ಇನ್ನೊಂದಿದೆ. ಫಲಿತಾಂಶ ಬಂದ ಮೇಲೆ ಕಂಪನಿಯವರು ಅನಲಿಸ್ಟ್‌ಗಳ ಜೊತೆ ಮಾತಾಡುವ ಕಾನ್‌ಕಾಲ್. ಅದರ ಪೂರ್ತಿ ಬರಹ ಐದು ಕೆಲಸದ ದಿನದೊಳಗೆ ಪ್ರಕಟವಾಗುತ್ತದೆ. ಇತ್ತೀಚಿನದನ್ನು ಓದಬೇಡಿ. ಎರಡು ವರ್ಷ ಹಿಂದಿನದನ್ನು ಮೊದಲು ಓದಿ. "ಮುಂದಿನ ವರ್ಷ ಹೊಸ ಘಟಕ ಶುರು, ಸಾಲ ಅರ್ಧ ಇಳಿಸುತ್ತೇವೆ" ಎಂದಿರುತ್ತಾರೆ. ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಆಮೇಲೆ ಈಗಿನ ಲೆಕ್ಕ ತೆಗೆಯಿರಿ. ಹೇಳಿದ್ದನ್ನು ಮಾಡಿದ್ದಾರಾ? ಮಾಡದಿದ್ದರೆ ಯಾಕೆ ಎಂದು ತಾವಾಗಿಯೇ ಹೇಳಿದ್ದಾರಾ, ಕೇಳಿದ ಮೇಲೆ ಹೇಳಿದ್ದಾರಾ? ಮಾತು ಉಳಿಸಿಕೊಳ್ಳುವವರು ಯಾರು ಎಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಫಂಡಿನ ಪಟ್ಟಿ ನೋಡಿ ಕಾಪಿ ಹೊಡೆಯಬೇಡಿ

ತಮ್ಮ ಒಂದು ಸಲ ಫೋನ್ ತೋರಿಸಿದ. "ನೋಡಕ್ಕ, ಈ ಫಂಡ್‌ನವ್ರು ಈ ಬ್ಯಾಂಕಲ್ಲಿ 6% ಹಾಕವ್ರೆ. ನಾನೂ ತಗಳ್ಳಾ?" ಫಂಡುಗಳು ಪ್ರತಿ ತಿಂಗಳ ಷೇರುಪಟ್ಟಿಯನ್ನು ಮುಂದಿನ ಹತ್ತು ದಿನದಲ್ಲಿ ಪ್ರಕಟಿಸುತ್ತವೆ. ನಿಜ. ಆದರೆ ಆ ಫಂಡನ್ನು ಅಳೆಯುವುದು ಒಂದು ಸೂಚ್ಯಂಕದ ಜೊತೆ, ಅಂದರೆ ಸೆನ್ಸೆಕ್ಸ್, ನಿಫ್ಟಿ ಥರ ಆಯ್ದ ಕಂಪನಿಗಳ ಬೆಲೆಯನ್ನು ಒಟ್ಟಿಗೆ ತೋರಿಸುವ ಅಂಕಿಯ ಜೊತೆ. ಸೂಚ್ಯಂಕದಲ್ಲಿ ಆ ಬ್ಯಾಂಕಿನ ಪಾಲು 9% ಇದ್ದರೆ, 6% ಇಟ್ಟುಕೊಂಡಿರುವ ಮ್ಯಾನೇಜರ್‌ಗೆ ಆ ಬ್ಯಾಂಕಿನ ಮೇಲೆ ಅಷ್ಟು ನಂಬಿಕೆ ಇಲ್ಲ ಎಂದೇ ಅರ್ಥ. ಪೂರ್ತಿ ಬಿಟ್ಟರೆ, ಅದು ಏರಿದಾಗ ಸೂಚ್ಯಂಕಕ್ಕಿಂತ ಹಿಂದೆ ಬೀಳುವ ಭಯ, ಅದಕ್ಕೆ ಸ್ವಲ್ಪ ಇಟ್ಟಿದ್ದಾರೆ. ತಮ್ಮ ಅದನ್ನು ತಲೆಕೆಳಗಾಗಿ ಓದಿದ್ದ.

ಲಾರ್ಜ್ ಕ್ಯಾಪ್ ಫಂಡು ತನ್ನ ದುಡ್ಡಿನ ಕನಿಷ್ಠ 80% ಅನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲೇ ಇಡಬೇಕು ಎಂಬ ನಿಯಮವೂ ಇದೆ. ಆ ಮ್ಯಾನೇಜರ್ ಮೇಲೆ ಇರುವ ಕಟ್ಟುಪಾಡು ನಿಮ್ಮ ಮೇಲೆ ಇಲ್ಲ. ನಿಮಗೆ ಇಷ್ಟವಿಲ್ಲದ್ದನ್ನು ಒಂದು ರೂಪಾಯಿಗೂ ಇಟ್ಟುಕೊಳ್ಳಬೇಕಾಗಿಲ್ಲ.

ಮಾರುವುದು

ಮೈಸೂರಿನಲ್ಲಿರುವ ನಮ್ಮ ಸೋದರಮಾವನ ಹತ್ತಿರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಷೇರುಗಳಿದ್ದವು. 1913ರಲ್ಲಿ ಶುರುವಾದ ಬ್ಯಾಂಕು, "ನಮ್ಮ ಬ್ಯಾಂಕು" ಎಂದೇ ಕೊಂಡದ್ದು. 2017ರ ಏಪ್ರಿಲ್ 1ರಂದು ಅದು ಎಸ್‌ಬಿಐ ಜೊತೆ ಸೇರಿತು. ಹತ್ತು ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು. ಅವತ್ತು ಮಾವ ಕೊಂಡಿದ್ದ ಕಾರಣವೇ ಮುಗಿದು ಹೋಗಿತ್ತು. ದೇಶಕ್ಕೇ ದೊಡ್ಡದಾದ ಬೇರೊಂದು ಬ್ಯಾಂಕು ಅವರ ಕೈಗೆ ಬಂದಿತ್ತು. ಇಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಹೊಸ ಪುಟ ಬರೆದು ಇಟ್ಟುಕೊಳ್ಳಬೇಕಿತ್ತು.

ಮ್ಯಾನೇಜರ್‌ಗಳು ಮಾರಲು ಮೂರೇ ಕಾರಣ ಒಪ್ಪುತ್ತಿದ್ದರು. ಬರೆದ ಕಾರಣ ಸುಳ್ಳಾಯಿತು. ಬೆಲೆ ನಮ್ಮ ಲೆಕ್ಕಕ್ಕಿಂತ ತುಂಬಾ ಮೇಲೆ ಹೋಯಿತು. ಇದಕ್ಕಿಂತ ಒಳ್ಳೆಯದು ಸಿಕ್ಕಿತು. "ಕೊಂಡ ಬೆಲೆಗೆ ಬರಲಿ, ಆಮೇಲೆ ಮಾರುತ್ತೇನೆ" ಎನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ. ನೀವು ಎಷ್ಟಕ್ಕೆ ಕೊಂಡಿರಿ ಎಂದು ಷೇರಿಗೆ ಗೊತ್ತಿಲ್ಲ. ಇವತ್ತು ಇದೇ ದುಡ್ಡು ಕೈಯಲ್ಲಿ ನೋಟಾಗಿ ಇದ್ದರೆ ಇದೇ ಬೆಲೆಗೆ ಇದನ್ನೇ ಕೊಳ್ಳುತ್ತೀರಾ? ಇಷ್ಟು ಕೇಳಿಕೊಳ್ಳಿ. ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರ ಜುಲೈ 23ರ ನಿಯಮದ ಪ್ರಕಾರ, ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20%, ವರ್ಷ ದಾಟಿದರೆ 1.25 ಲಕ್ಷಕ್ಕಿಂತ ಮೇಲಿನ ಲಾಭಕ್ಕೆ 12.5%.

ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದೆ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಮಾಡುವ ಒಪ್ಪಂದಗಳು) ಬಗ್ಗೆ ಒಂದೇ ಮಾತು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿದೆ ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಮಂಡ್ಯದಲ್ಲಿ ಕಾಲೇಜು ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಆಪ್ಷನ್ ಕೊಳ್ಳುವುದನ್ನು ನೋಡಿದ್ದೇನೆ. ಕೈ ಮುಗಿದು ಹೇಳುತ್ತೇನೆ, ಬೇಡಿ.

ಇಷ್ಟೆಲ್ಲ ಮಾಡಲು ಪುರುಸೊತ್ತು ಇಲ್ಲದವರೂ ಇದ್ದಾರೆ. ನಮ್ಮ ಅತ್ತಿಗೆ ಶ್ರೀರಂಗಪಟ್ಟಣದಲ್ಲಿ ಟೀಚರ್. ಮನೆ, ಮಕ್ಕಳು, ಸ್ಕೂಲು ಮುಗಿಸುವಷ್ಟರಲ್ಲಿ ರಾತ್ರಿ ಹತ್ತು. ಅವರಿಗೆ ನಿಫ್ಟಿ 50 ಇಂಡೆಕ್ಸ್ ಫಂಡಿಗೆ (ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಅದೇ ಪಾಲಿನಲ್ಲಿ ಕೊಳ್ಳುವ ಫಂಡು) ತಿಂಗಳಿಗೆ ಇಷ್ಟು ಅಂತ ಎಸ್‌ಐಪಿ ಹಾಕಿಸಿದ್ದೇನೆ. ನೋಟ್‌ಬುಕ್ ಕೊಟ್ಟಿಲ್ಲ.

ತಮ್ಮನಿಗೆ ಕೊಟ್ಟಿದ್ದೇನೆ. ಹೋದ ಭಾನುವಾರ ಮೊದಲ ಪುಟ ಬರೆದು ತಂದಿದ್ದ. ತಾನು ಕೆಲಸ ಮಾಡುವ ಕಾರ್ಖಾನೆಗೆ ಬಿಡಿಭಾಗ ಕೊಡುವ ಒಂದು ಕಂಪನಿ. ಮಾಲು ಹೇಗಿರುತ್ತದೆ, ಹೇಳಿದ ದಿನಕ್ಕೆ ಬರುತ್ತದಾ ಎನ್ನುವುದನ್ನು ಅವನಷ್ಟು ಚೆನ್ನಾಗಿ ಮುಂಬೈನ ಯಾವ ಅನಲಿಸ್ಟೂ ಬರೆಯಲಾರ. ಮೊದಲ ಮೂರು ಸಾಲು ತುಂಬಿತ್ತು. ಐದು ವರ್ಷದ ಲಾಭ, ನಗದು ಕೂಡಿಸಿ ಪಕ್ಕಪಕ್ಕ ಬರೆದಿದ್ದ. ನಾಲ್ಕನೇ ಸಾಲು ಖಾಲಿ. "ಇದು ಯಾಕೆ ಬಿಟ್ಟೆ?" ಎಂದೆ. "ಅದು ಕೆಡೋ ಥರ ಕಾಣಲ್ಲ ಅಕ್ಕ" ಎಂದ. ನನ್ನ 2023ರ ಟಿಪ್ಪಣಿಯ ಕಥೆ ಹೇಳಿ, ಪುಟ ವಾಪಸ್ ಕೊಟ್ಟೆ. ಮುಂದಿನ ಭಾನುವಾರಕ್ಕೆ ಆ ಕಂಪನಿಯ ಎರಡು ವರ್ಷ ಹಿಂದಿನ ಕಾನ್‌ಕಾಲ್ ಓದಿಕೊಂಡು ಬರುತ್ತೇನೆ ಎಂದಿದ್ದಾನೆ. ಷೇರು ಇನ್ನೂ ಕೊಂಡಿಲ್ಲ.